ಕಣ್ಣಿನ ಸಾಕ್ಷಿ

'ಕಣ್ಣಾರೆ ಕಂಡೆ' ಎಂಬ ಮಾತಿಗೆ ಮಿಗಿಲಾದ ಸಾಕ್ಷಿ ಇಲ್ಲವೆಂದು ಲೋಕದ ನಂಬಿಕೆ. ನೆರೆಯವನ ನಡತೆಯನ್ನು ತೂಗುವಾಗಲೂ, ಮನೆಯೊಳಗಣ ತಪ್ಪನ್ನು ಎತ್ತಿ ಆಡುವಾಗಲೂ ಈ ಮಾತೇ ಕೊನೆಯ ತೀರ್ಪು. ಆದರೂ ಹಿರಿಯರು 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂದರು. ಕಣ್ಣು ಸುಳ್ಳಾಡದಿದ್ದರೂ ಪೂರ್ಣ ಸತ್ಯವನ್ನು ನುಡಿಯುವುದೆ? ಇದು ವಿಚಾರಿಸತಕ್ಕ ಪ್ರಶ್ನೆ.

ಬಣ್ಣವನ್ನೇ ತೆಗೆದುಕೊಳ್ಳಬಹುದು. ದಾಸವಾಳದ ಕೆಂಪು ಹೂವಿನಲ್ಲಿಯೇ ಇದೆಯೆಂದು ತೋರುತ್ತದೆ. ಆದರೆ ಬೆಳಕಿನ ಕಿರಣಗಳಿಗೆ ಬಣ್ಣವಿಲ್ಲ, ಬಣ್ಣದ ಅನುಭವವನ್ನು ಎಬ್ಬಿಸುವ ಶಕ್ತಿ ಮಾತ್ರ ಅವುಗಳಿಗುಂಟು ಎಂದು ನ್ಯೂಟನ್ನನು 1704ರಲ್ಲಿಯೇ ಪ್ರಕಟಿಸಿದನು. ಹೂವು ತನ್ನ ಮೇಲೆ ಬಿದ್ದ ಬೆಳಕಿನ ಕೆಲವಂಶವನ್ನು ಹೀರಿ ಉಳಿದುದನ್ನು ಹಿಂದಿರುಗಿಸುತ್ತದೆ. ಅದು ಕಣ್ಣಿನ ಹಿಂಬದಿಯ ಅಕ್ಷಿಪಟಲವನ್ನು ಮುಟ್ಟುತ್ತದೆ. ಅಲ್ಲಿರುವ ಶಂಕುಕೋಶಗಳು ಮೂರು ಬಗೆ. ಒಂದೊಂದು ಬಗೆಯೂ ಬೆಳಕಿನ ಒಂದೊಂದು ಅಂಶಕ್ಕೆ ಹೆಚ್ಚಾಗಿ ಮಿಡಿಯುತ್ತದೆ. ಈ ಮೂರರ ಮಿಡಿತವನ್ನು ಮಿದುಳು ಹೋಲಿಸಿದಾಗಲೇ 'ಕೆಂಪು' ಹುಟ್ಟುವುದು. ಇರುಳಿನ ಮಸುಕಿನಲ್ಲಿ ಶಂಕುಕೋಶಗಳು ಸುಮ್ಮನಾಗಿ ದಂಡಕೋಶಗಳಷ್ಟೇ ದುಡಿಯುವುದರಿಂದ ಅದೇ ಹೂವು ಬಣ್ಣಗೆಡುತ್ತದೆ.

ಪರಮಾಣು ಸಿದ್ಧಾಂತದಿಂದ ಪ್ರಸಿದ್ಧನಾದ ಇಂಗ್ಲೆಂಡಿನ ಜಾನ್ ಡಾಲ್ಟನ್ನನ ವೃತ್ತಾಂತ ಇಲ್ಲಿ ಸ್ಮರಣೀಯ. 1766ರಲ್ಲಿ ಹುಟ್ಟಿದ ಆತನಿಗೆ ತನ್ನ ನೋಟವೇ ಬೇರೆಯೆಂಬುದು 1792ರವರೆಗೂ ಮನದಟ್ಟಾಗಿರಲಿಲ್ಲ. ಆ ವರ್ಷ, ಹಗಲಿನಲ್ಲಿ ನೀಲಿಯಾಗಿ ಕಂಡಿದ್ದ ಜೆರೇನಿಯಂ ಹೂವು ದೀಪದ ಬೆಳಕಿನಲ್ಲಿ ಕೆಂಪಾಗಿ ತೋರಿತು. ಗೆಳೆಯರನ್ನು ಕೇಳಿದನು, ಅವರಿಗೆ ಅಂಥ ಬದಲಾವಣೆ ಕಾಣಲಿಲ್ಲ. ಒಡಹುಟ್ಟಿದವನೊಬ್ಬನು ಮಾತ್ರ ತನ್ನಂತೆಯೇ ಕಂಡನು. ಡಾಲ್ಟನ್ನನು ಗೆಳೆಯರನ್ನು ಹಳಿಯಲಿಲ್ಲ. ತನ್ನ ಕಣ್ಣನ್ನೇ ಶೋಧಿಸಹೊರಟನು. 1794ರಲ್ಲಿ ಮ್ಯಾಂಚೆಸ್ಟರಿನ ವಿದ್ವತ್ಸಭೆಯಲ್ಲಿ ತನ್ನ ಕೊರತೆಯನ್ನು ತಾನೇ ಬಿಚ್ಚಿಟ್ಟನು. ಕಣ್ಣಿನೊಳಗಣ ದ್ರವ ನೀಲಿಯಾಗಿರಬೇಕೆಂದು ಊಹಿಸಿ, ಮರಣಾನಂತರ ಪರೀಕ್ಷಿಸಬೇಕೆಂದು ಕೇಳಿಕೊಂಡಿದ್ದನು. 1844ರಲ್ಲಿ ಆತನು ತೀರಿಕೊಂಡಾಗ ವೈದ್ಯನು ನೋಡಲು ಆ ದ್ರವ ತಿಳಿಯಾಗಿತ್ತು. ಕಾಪಿಟ್ಟ ಕಣ್ಣಿನ ಅಂಶವನ್ನು 1995ರಲ್ಲಿ ಪರೀಕ್ಷಿಸಿದ ವಿಜ್ಞಾನಿಗಳಿಗೆ, ಹಸಿರಿಗೆ ಮಿಡಿಯುವ ಬಗೆಯೇ ಆತನಲ್ಲಿರಲಿಲ್ಲವೆಂದು ತಿಳಿಯಿತು. ಆತನ ಊಹೆ ತಪ್ಪಾಯಿತು, ನಡೆ ತಪ್ಪಾಗಲಿಲ್ಲ.

ಷಟ್‌ಸ್ಥಲ ತತ್ತ್ವದಲ್ಲಿ ನೇತ್ರಕ್ಕೆ ಶಿವಲಿಂಗವನ್ನೂ, ಅದಕ್ಕರ್ಪಿಸುವ ಪದಾರ್ಥವಾಗಿ ರೂಪನ್ನೂ ಹೇಳಿದೆ. ಭಕ್ತನಾದವನು ಕಂಡ ರೂಪನ್ನು ಲಿಂಗಕ್ಕರ್ಪಿಸಿ, ಬಳಿಕ ಪ್ರಸಾದವಾಗಿ ಕೈಕೊಳ್ಳಬೇಕು. ಅರ್ಪಣವೆಂದರೆ ಕಣ್ಣು ಮುಚ್ಚುವುದಲ್ಲ. 'ನಾನು ಕಂಡುದೇ ದಿಟ' ಎಂಬ ಹಮ್ಮನ್ನು ಬಿಡುವುದು.

ಹಾಗಾದರೆ ಕಂಡ ಅನ್ಯಾಯವನ್ನು ಅನ್ಯಾಯವೆನ್ನಬಾರದೆ ಎಂಬ ಶಂಕೆ ಏಳಬಹುದು. ಹಾಗಲ್ಲ. ಹೂವಿನಿಂದ ಬಂದ ಬೆಳಕು ಸುಳ್ಳಲ್ಲ. ಡಾಲ್ಟನ್ನನೂ ತನ್ನ ನೋಟವನ್ನು ಬೇರೆಯವರ ನೋಟದೊಡನೆ ಹೋಲಿಸಿಯೇ ದಿಟದ ದಾರಿ ಹಿಡಿದನು. ಅನುಭವಮಂಟಪದಲ್ಲಿ ಶರಣರು ತಮ್ಮ ಅರಿವನ್ನು ಒಬ್ಬರ ಮುಂದೊಬ್ಬರು ಇಟ್ಟು ಒರೆಹಚ್ಚಿದುದರ ಮರ್ಮವೂ ಇದೇ. ತೀರ್ಪು ಬೇಡವೆಂದಲ್ಲ, ತೀರ್ಪಿಗೆ ಮೊದಲು ನೋಡುವವನ ಪರೀಕ್ಷೆಯಾಗಬೇಕು.

ಕರಸ್ಥಲದ ಇಷ್ಟಲಿಂಗದ ಹೊರಮೈ ಕಪ್ಪು. ಕಪ್ಪು ತನ್ನ ಮೇಲೆ ಬಿದ್ದ ಬೆಳಕನ್ನು ಬಹುಮಟ್ಟಿಗೆ ತನ್ನಲ್ಲೇ ಅಡಗಿಸಿಕೊಳ್ಳುತ್ತದೆ. ಅಲ್ಲಿ ದೃಷ್ಟಿ ನಿಲ್ಲಿಸಿದವನಿಗೆ ಮೆಚ್ಚುವ ಬಣ್ಣವೂ ಇಲ್ಲ, ಹಳಿಯುವ ಬಣ್ಣವೂ ಇಲ್ಲ; ನೋಡುವ ತನ್ನನ್ನೇ ನೋಡಿಕೊಳ್ಳುವ ಎಡೆ ಅದು. ಪೂಜೆಯಿಂದೆದ್ದ ಕಣ್ಣು ಮನೆಯವರ ಮೇಲೆ, ನೆರೆಯವರ ಮೇಲೆ ಬಿದ್ದಾಗಲೂ ಆ ಎಚ್ಚರ ಉಳಿದರೆ, ಕಂಡ ರೂಪು ಪ್ರಸಾದವಾಗುತ್ತದೆ.