ಕಿಟಕಿಯ ಪಕ್ಕದ ಆಸನ

ಕೆಲವು ಪ್ರಶ್ನೆಗಳು ನೋಟಕ್ಕೆ ಅಲ್ಪವಾಗಿದ್ದರೂ ವಿಚಾರಿಸುತ್ತ ಹೋದಂತೆ ಧರ್ಮದ ಬಾಗಿಲಿಗೇ ಬಂದು ನಿಲ್ಲುವುವು. ವಿಮಾನದಲ್ಲಿ ಕಿಟಕಿಯ ಪಕ್ಕದ ಆಸನವು ಯಾರಿಗೆ ಸಲ್ಲತಕ್ಕದ್ದೆಂಬುದು ಅಂಥದೊಂದು ಪ್ರಶ್ನೆ.

ಬೆಂಗಳೂರಿನಿಂದ ಮಂಗಳೂರಿಗೆ ನಕ್ಷೆಯ ಮೇಲೆ ನೇರವಾದ ಗೆರೆಯನ್ನೆಳೆದರೆ ಅದು ಬೇಲೂರು ತಾಲ್ಲೂಕಿನ ಬಿಕ್ಕೋಡಿಗೆ ಸಮೀಪದಲ್ಲಿಯೇ, ತುಸು ದಕ್ಷಿಣಕ್ಕೆ ಹಾದುಹೋಗುವುದು. ವಿಮಾನವು ಆ ಗೆರೆಯನ್ನೇ ಹಿಡಿದು ಸಾಗದಿದ್ದರೂ ದಿಕ್ಕು ಅದೇ. ಆದುದರಿಂದ ಪಶ್ಚಿಮಕ್ಕೆ ಹೊರಟವನು ಬಲಬದಿಯಲ್ಲಿ ಕುಳಿತರೆ ಬೇಲೂರಿನ ಬಳಿಯ ಯಗಚಿ ಜಲಾಶಯವೂ, ಅದರಾಚೆ ಮಲೆನಾಡಿನ ಗಿರಿಪಂಕ್ತಿಯೂ ಆ ಕಡೆಗೆ ಬರುವುವು. ಎಡಬದಿಯವನಿಗೆ ಗೊರೂರಿನ ಹೇಮಾವತಿ ಜಲಾಶಯ. ಚಳಿಗಾಲದಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲಿರುವುದರಿಂದ ಬಲಬದಿಯವನ ಕಣ್ಣಿಗೆ ಬಿಸಿಲಿನ ಬಾಧೆ ಕಡಿಮೆ. ರೆಕ್ಕೆಯ ಮೇಲಿನ ಸಾಲುಗಳನ್ನು ಬಿಟ್ಟು ಮುಂದಿನ ಸಾಲನ್ನು ಹಿಡಿಯುವುದು ಜಾಣತನ. ಮಳೆಗಾಲದಲ್ಲಿ ಮಾತ್ರ ಘಟ್ಟವೆಲ್ಲ ಮೋಡದಡಿ ಅಡಗಿ, ಯಾವ ಜಾಣತನವೂ ಫಲಿಸದೆ ಹೋಗುವುದುಂಟು.

ಇಷ್ಟು ಲೆಕ್ಕಹಾಕಿ, ಹೆಚ್ಚು ಹಣ ತೆತ್ತು, ತರುಣನೊಬ್ಬನು ಆ ಆಸನವನ್ನು ಕಾದಿರಿಸಿದನೆನ್ನೋಣ. ಪಕ್ಕದಲ್ಲಿ, ಬಿಕ್ಕೋಡಿನ ಸೀಮೆಯ ಕಾಫಿತೋಟಗಳಲ್ಲಿ ಆಯುಷ್ಯವನ್ನು ಸವೆಸಿದ ವೃದ್ಧೆಯೊಬ್ಬಳು, ಮೊದಲ ಬಾರಿಗೆ ವಿಮಾನವೇರಿ, ಮೊಮ್ಮಗಳ ಮನೆಗೆ ಹೊರಟಿದ್ದಾಳೆ. ತನ್ನ ಊರು ಮೇಲಿನಿಂದ ಹೇಗೆ ಕಂಡೀತೆಂಬುದೊಂದೇ ಅವಳ ಆಸೆ. ತರುಣನಾದರೋ ಕಿಟಕಿಯ ಪರದೆಯನ್ನೆಳೆದು ನಿದ್ರೆಗೆ ತೊಡಗಿದನು. ಅವನು ಅನ್ಯಾಯವನ್ನೆಸಗಿದನೇ?

ಇಲ್ಲವೆಂದೇ ಹೇಳಬೇಕು. ಹಣ ತೆತ್ತವನಿಗೆ ಆಸನವು ನ್ಯಾಯವಾಗಿಯೇ ಸಂದಿದೆ. ಹಿರಿಯಳೆಂಬ ಕಾರಣದಿಂದ ವೃದ್ಧೆಯು ಅದನ್ನು ಹಕ್ಕಿನಿಂದ ಕೇಳುವಂತೆಯೂ ಇಲ್ಲ; ಕೇಳಿ ಪಡೆದ ಔದಾರ್ಯವು ಔದಾರ್ಯವೆನಿಸದು, ಕೊಡದವನನ್ನು ನಿಂದಿಸುವವರು ಅವನಿಗಿಂತ ಉದಾರಿಗಳೆಂದೂ ಹೇಳಲಾಗದು. ಆದರೂ ಈ ಚಿತ್ರವನ್ನು ನೋಡಿದವರ ಮನಸ್ಸಿಗೆ ಏನೋ ಕಸಿವಿಸಿ. ನ್ಯಾಯಕ್ಕೆ ಚ್ಯುತಿಯಿಲ್ಲದೆಡೆಯಲ್ಲಿಯೂ ಮನುಷ್ಯತ್ವಕ್ಕೆ ಕೊರತೆಯುಂಟಾಗಬಹುದೆಂಬುದಕ್ಕೆ ಇದೇ ಸಾಕ್ಷಿ. ತೆತ್ತ ಹಣವು ಪೀಠದ ಬೆಲೆ. ಹೊರಗಿನ ಗುಡ್ಡ, ಕೆರೆ, ಗದ್ದೆಬಯಲುಗಳು ಯಾರ ಚೀಟಿಯಲ್ಲಿಯೂ ಸೇರಿದವುಗಳಲ್ಲ. ತಾನು ನೋಡದ ನೋಟವನ್ನು ಇನ್ನೊಬ್ಬರಿಗೂ ಮುಚ್ಚುವುದರಲ್ಲಿ ಸುಖವೂ ಇಲ್ಲ, ಲಾಭವೂ ಇಲ್ಲ.

ತರುಣನಿಗೂ ನೋಡುವ ಆಸೆ ಅಷ್ಟೇ ಇದ್ದರೆ ಪ್ರಶ್ನೆಯು ಇನ್ನೂ ಕಠಿನವಾಗುವುದು. ಆಗ ಅವನು ಆಸನವನ್ನು ಬಿಟ್ಟುಕೊಡದಿದ್ದರೆ ದೋಷವಿಲ್ಲ. ಆದರೆ ಬೆನ್ನನ್ನು ಪೀಠಕ್ಕೆ ಒರಗಿಸಿ, "ನೋಡಿ ಅಮ್ಮ, ಇಲ್ಲಿಂದ ಕಾಣುತ್ತದೆ" ಎನ್ನುವುದಕ್ಕೆ ಅವನಿಗಾಗುವ ನಷ್ಟವೇನು? ಅವನಿಗೆ ಲಾಭವೂ ಉಂಟು. ಮೇಲಿನಿಂದ ನೋಡುವವನಿಗೆ ಆ ಸೀಮೆಯ ಕಾಫಿತೋಟವು ಕಾಡಿನಂತೆಯೇ ತೋರುವುದು. ಸಿಲ್ವರ್ ಓಕ್ ಮೊದಲಾದ ನೆರಳಿನ ಮರಗಳ ತಲೆಗಳು ಕಾಣುವುವಲ್ಲದೆ ಅವುಗಳಡಿಯ ಗಿಡಗಳು ಕಾಣವು. ಮಾರ್ಚಿ, ಏಪ್ರಿಲ್ ತಿಂಗಳುಗಳಲ್ಲಿ ಹೂಮಳೆ ಬಿದ್ದು, ಎಂಟುಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗಾಗಿ ಪರಿಮಳಿಸುವಾಗಲೂ ಆಕಾಶಕ್ಕೆ ಅದರ ಸುಳಿವಿಲ್ಲ. ಅದನ್ನು ಬಲ್ಲವಳು ಕಿಟಕಿಯಿಲ್ಲದ ಪೀಠದಲ್ಲಿ ಕುಳಿತಿದ್ದಾಳೆ. "ಅದು ಕಾಡಲ್ಲಪ್ಪ, ತೋಟ; ಅದರೊಳಗೆ ಹಣ್ಣು ಕುಯ್ಯುವವರಿದ್ದಾರೆ" ಎಂದು ಅವಳು ಹೇಳಿದ ಬಳಿಕವೇ ತರುಣನು ತಾನು ಹಣ ತೆತ್ತ ನೋಟವನ್ನು ಕಂಡಂತಾಗುವುದು.

ಉತ್ತಮ ನೋಟಕ್ಕೆ ಬಲಬದಿಯೋ ಎಡಬದಿಯೋ ಎಂದು ವಿಚಾರಿಸುವುದು ತಪ್ಪಲ್ಲ. ನೋಡಬೇಕೆಂಬ ಹಂಬಲವು ಮನುಷ್ಯನಿಗೆ ಭೂಷಣವೇ ಸರಿ. ಪಕ್ಕದಲ್ಲಿ ಕುಳಿತವರು ಯಾರೆಂದು ವಿಚಾರಿಸುವುದನ್ನೂ ಅದರೊಡನೆ ಸೇರಿಸಿಕೊಳ್ಳಬೇಕು. ಬಿಕ್ಕೋಡಿನ ಸೀಮೆಯು ಕಿಟಕಿಯಲ್ಲಿ ನಿಲ್ಲುವುದು ಕೆಲವೇ ನಿಮಿಷ. ಅಷ್ಟು ಹೊತ್ತು ಬೆನ್ನನ್ನು ಹಿಂದಕ್ಕೆ ಒರಗಿಸಿಕೊಳ್ಳುವುದು ಯಾರಿಗೂ ಭಾರವಾಗದು.