ಕಹಿನೀರು ಸಿಹಿಯಾಗಬೇಕಾದರೆ



ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮಂಗಳೂರು, ಮಲ್ಪೆ, ಕಾರವಾರದ ಬಂದರುಗಳಲ್ಲಿ ಅವು ಮಳೆಯಲ್ಲಿ ನೆನೆಯುತ್ತಾ ನಿಂತಿರುತ್ತವೆ. ರಜೆ ಮುಗಿಯುತ್ತಾ ಬಂದಂತೆ ಬಲೆ ಸರಿಪಡಿಸುತ್ತೀರಿ, ಇಂಜಿನ್ ಬಿಚ್ಚಿ ಜೋಡಿಸುತ್ತೀರಿ, ಬಣ್ಣ ಬಳಿಯುತ್ತೀರಿ, ಆಶೀರ್ವಾದಕ್ಕೆ ಗುರುಗಳನ್ನು ಕರೆಯುತ್ತೀರಿ. ಇದೆಲ್ಲ ಆಗಬೇಕಾದದ್ದೇ. ಆದರೆ ಕುಡಿಯುವ ನೀರಿನ ಟ್ಯಾಂಕಿನ ಮುಚ್ಚಳ ತೆರೆದು ಒಳಗೆ ನೋಡುವವರು ನಮ್ಮಲ್ಲಿ ಎಷ್ಟು ಮಂದಿ?

ಆಳಸಮುದ್ರಕ್ಕೆ ಹೋದ ಬೋಟು ಹತ್ತು ದಿನ ದಡ ಕಾಣದೆ ಇರುವುದುಂಟು. ಅಷ್ಟೂ ದಿನ ಅದರಲ್ಲಿರುವವರಿಗೆ ಆ ಟ್ಯಾಂಕಿನ ನೀರೇ ಗತಿ. ಕುಡಿಯುವುದು ಅದನ್ನೇ, ಗಂಜಿ ಬೇಯಿಸುವುದು ಅದರಲ್ಲೇ. ನೀರು ಕೆಟ್ಟು ವಾಂತಿಭೇದಿ ಹಿಡಿದರೆ ಆಸ್ಪತ್ರೆ ಹತ್ತಿರದಲ್ಲಿಲ್ಲ. ಆ ನೀರನ್ನು ಕುಡಿಯುವವರು ತಾಂಡೇಲ ಮತ್ತು ಖಲಾಸಿಗಳು; ಅವರಲ್ಲಿ ಅನೇಕರು ಒಡಿಶಾ, ಜಾರ್ಖಂಡ್‌ಗಳಿಂದ ಹೊಟ್ಟೆಪಾಡಿಗಾಗಿ ಬಂದ ಬಡ ಹುಡುಗರು. ದಡದಲ್ಲೇ ಉಳಿಯುವ ಮಾಲೀಕರು ಅದನ್ನು ಬಾಯಿಗೂ ಹಾಕುವುದಿಲ್ಲ. ಆದುದರಿಂದ ಇದು ಬರಿಯ ರುಚಿಯ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ. ಬಾಯಾರಿದವನಿಗೆ ಒಂದು ಲೋಟ ತಣ್ಣೀರು ಕೊಟ್ಟವನೂ ಪ್ರತಿಫಲವನ್ನು ಕಳೆದುಕೊಳ್ಳುವುದಿಲ್ಲವೆಂದು ಪ್ರಭು ಯೇಸು ಹೇಳಿದ್ದಾರೆ. ಆ ಲೋಟದಲ್ಲಿ ಕೊಳೆತ ನೀರನ್ನು ಕೊಟ್ಟವನ ಗತಿ ಏನೆಂದು ನಾವೇ ಯೋಚಿಸಿಕೊಳ್ಳಬೇಕು.

ನೀರು ಏಕೆ ಕೆಡುತ್ತದೆ? ಎರಡು ತಿಂಗಳು ಅಲುಗಾಡದೆ ನಿಂತ ನೀರಿನಲ್ಲಿದ್ದ ಕ್ಲೋರಿನ್ ಕ್ರಮೇಣ ಕರಗಿಹೋಗುತ್ತದೆ. ಆಮೇಲೆ ಟ್ಯಾಂಕಿನ ಗೋಡೆ ಮತ್ತು ಪೈಪುಗಳ ಒಳಮೈಗೆ ತೆಳುವಾದ ಲೋಳೆ ಹಿಡಿಯುತ್ತದೆ. ಅದು ಸೂಕ್ಷ್ಮಾಣುಗಳ ಮನೆ. ಗಾಳಿಯಾಡದ ಕಡೆ ಬೆಳೆಯುವ ಕೆಲವು ಸೂಕ್ಷ್ಮಾಣುಗಳು ಕೊಳೆತ ಮೊಟ್ಟೆಯ ನಾತ ಬರುವ ಅನಿಲವನ್ನು ಉಂಟುಮಾಡುತ್ತವೆ. ಬೆಳಕು ತೂರುವ ಪ್ಲಾಸ್ಟಿಕ್ ಟ್ಯಾಂಕಾದರೆ ಪಾಚಿ, ಕಬ್ಬಿಣದ ಟ್ಯಾಂಕಾದರೆ ತುಕ್ಕು. ಇನ್ನು ನೀರು ತುಂಬಿಸುವ ಪೈಪು ದಕ್ಕೆಯ ಮೇಲೆ ಮೀನಿನ ನೀರಿನಲ್ಲೇ ಬಿದ್ದಿದ್ದರೆ, ಒಳ್ಳೆಯ ನೀರು ಕೂಡ ಟ್ಯಾಂಕು ಸೇರುವ ಮೊದಲೇ ಕೆಡುತ್ತದೆ.

ಪವಿತ್ರ ಬೈಬಲ್ಲಿನಲ್ಲಿ ಕೆಟ್ಟ ನೀರಿನ ಎರಡು ಪ್ರಸಂಗಗಳಿವೆ. ಕೆಂಪು ಸಮುದ್ರವನ್ನು ದಾಟಿ ಮೂರು ದಿನ ನಡೆದ ಇಸ್ರಯೇಲರಿಗೆ ಮಾರಾ ಎಂಬಲ್ಲಿ ಸಿಕ್ಕಿದ್ದು ಕಹಿನೀರು. ಜನ ಗೊಣಗಿದರು, ಮೋಶೆ ಪ್ರಾರ್ಥಿಸಿದನು; ದೇವರು ತೋರಿಸಿದ ಮರವನ್ನು ಹಾಕಿದಾಗ ನೀರು ಸಿಹಿಯಾಯಿತು (ವಿಮೋಚನಾಕಾಂಡ 15). ಜೆರಿಕೋ ಪಟ್ಟಣದವರು ತಮ್ಮ ಊರಿನ ನೀರು ಕೆಟ್ಟದೆಂದು ಪ್ರವಾದಿ ಎಲೀಷನಲ್ಲಿ ಮೊರೆಯಿಟ್ಟರು. ಆತ ಹೊಸ ಪಾತ್ರೆಯೊಂದರಲ್ಲಿ ಉಪ್ಪು ತರಿಸಿ, ಬುಗ್ಗೆಯ ಬಳಿಗೇ ಹೋಗಿ ಅದರೊಳಗೆ ಹಾಕಿದನು (ಅರಸುಗಳು, ಎರಡನೆಯ ಗ್ರಂಥ 2). ಎಲೀಷನ ಬುಗ್ಗೆಯೆಂದು ಕರೆಯಲಾಗುವ ಆ ಚಿಲುಮೆ ಜೆರಿಕೋದಲ್ಲಿ ಇಂದಿಗೂ ಹರಿಯುತ್ತಿದೆ. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಿರಿ. ಎಲೀಷ ಒಬ್ಬೊಬ್ಬರ ಕೊಡಕ್ಕೆ ಒಂದು ಚಿಟಿಕೆ ಉಪ್ಪು ಹಾಕುತ್ತಾ ಕೂರಲಿಲ್ಲ, ಮೂಲಕ್ಕೆ ಹೋದನು. ಆತ ಕೇಳಿದ್ದು ಹೊಸ ಪಾತ್ರೆಯನ್ನು.

ನಾವು ಮಾಡುವುದೇನು? ನಾತ ಬಂದರೆ ನಿಂಬೆರಸ ಹಿಂಡುತ್ತೇವೆ, ಚಹಾಪುಡಿ ಜಾಸ್ತಿ ಹಾಕುತ್ತೇವೆ. ಇದರಿಂದ ನಾಲಿಗೆಗೆ ಮೋಸವಾಗುತ್ತದೆಯೇ ಹೊರತು ಲೋಳೆ ಇದ್ದಲ್ಲೇ ಇರುತ್ತದೆ.

ಸರಿಯಾದ ಕ್ರಮ ಕಷ್ಟದ್ದೇನಲ್ಲ. ಮೊದಲು ಹಳೆಯ ನೀರನ್ನು ಪೂರ್ತಿ ಖಾಲಿ ಮಾಡಿರಿ. ಮುಚ್ಚಳ ತೆಗೆದು ಉದ್ದ ಹಿಡಿಯ ಬ್ರಷ್ಷಿನಿಂದ ಒಳಗನ್ನು ಉಜ್ಜಿ ತೊಳೆಯಿರಿ. ದಪ್ಪ ಲೋಳೆಯೊಳಕ್ಕೆ ಯಾವ ಔಷಧಿಯೂ ಇಳಿಯದು. ದೊಡ್ಡ ಕಬ್ಬಿಣದ ಟ್ಯಾಂಕಿನೊಳಗೆ ಯಾರೂ ಸುಮ್ಮನೆ ಇಳಿಯಬಾರದು. ತುಕ್ಕು ಹಿಡಿಯುವಾಗ ಒಳಗಿನ ಆಮ್ಲಜನಕ ಖರ್ಚಾಗಿರುತ್ತದೆ, ಇಳಿದವನು ಮೇಲೆ ಬಾರದೆ ಹೋಗಬಹುದು. ಬಳಿಕ ಫಿಲ್ಟರ್ ಇದ್ದರೆ ತೆಗೆದಿಡಿ. ಪ್ರತಿ ಸಾವಿರ ಲೀಟರ್ ನೀರಿಗೆ ಹೊಸದಾದ ಬ್ಲೀಚಿಂಗ್ ಪೌಡರ್ ಸುಮಾರು 170 ಗ್ರಾಂ ತೆಗೆದುಕೊಂಡು, ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಟ್ಯಾಂಕಿಗೆ ಹಾಕಿ ನೀರು ತುಂಬಿಸಿರಿ. ಅಡುಗೆ ಕೋಣೆಯದು, ಮುಖ ತೊಳೆಯುವಲ್ಲಿನದು ಎಂದು ಬಿಡದೆ ಒಂದೊಂದೇ ನಲ್ಲಿಯನ್ನು ಕ್ಲೋರಿನ್ ವಾಸನೆ ಬರುವವರೆಗೂ ತೆರೆಯಿರಿ. ಕನಿಷ್ಠ ನಾಲ್ಕು ಗಂಟೆ ಹಾಗೆಯೇ ಬಿಟ್ಟು, ಅದೇ ನಲ್ಲಿಗಳಿಂದ ಎಲ್ಲವನ್ನೂ ಹೊರಬಿಡಿ. ಆ ನೀರನ್ನು ಯಾರೂ ಕುಡಿಯಬಾರದು. ವಾಸನೆ ಹೋಗುವವರೆಗೆ ಎರಡು ಮೂರು ಸಲ ಶುದ್ಧ ನೀರಿನಿಂದ ತೊಳೆಯಿರಿ. ಬ್ಲೀಚಿಂಗ್ ಪೌಡರಿನ ಜೊತೆ ನಿಂಬೆರಸ, ವಿನೆಗರ್ ಅಥವಾ ಯಾವುದೇ ಆಮ್ಲವನ್ನು ಎಂದಿಗೂ ಸೇರಿಸಬೇಡಿ, ವಿಷಾನಿಲ ಏಳುತ್ತದೆ. ಅಲ್ಯೂಮಿನಿಯಂ ಟ್ಯಾಂಕಿಗೆ ಕ್ಲೋರಿನ್ ಒಗ್ಗುವುದಿಲ್ಲವಾದ್ದರಿಂದ ತಿಳಿದವರನ್ನು ಕೇಳಿ ಮಾಡಿರಿ. ಕುಡಿಯುವ ನೀರಿಗೆಂದೇ ಬೇರೆ ಪೈಪು ಇಟ್ಟುಕೊಳ್ಳಿ, ಮೊದಲು ಬರುವ ನೀರನ್ನು ಹೊರಗೆ ಬಿಟ್ಟು ಆಮೇಲೆ ತುಂಬಿಸಿರಿ. ಮುಂದಿನ ರಜೆಯಲ್ಲಿ ಟ್ಯಾಂಕನ್ನು ಖಾಲಿ ಮಾಡಿ ಒಣಗಿಸಿಡಿ. ಬೋಟಿಲ್ಲದವರು ಮನೆಯ ಮಾಳಿಗೆಯ ಮೇಲಿನ ಟ್ಯಾಂಕನ್ನು ನೆನಪಿಸಿಕೊಂಡರೆ ಸಾಕು.

ಪ್ರಿಯರೇ, ನಮ್ಮ ಅಂತರಂಗವೂ ಇಂಥದೇ ಟ್ಯಾಂಕು. ಹಳೆಯ ಜಗಳ, ಆಸ್ತಿಯ ಪಾಲಿನ ಮುನಿಸು, ಯಾರೋ ಎಂದೋ ಆಡಿದ ಮಾತು, ಇವೆಲ್ಲ ಒಳಗೆ ನಿಂತು ನಾರುತ್ತವೆ. ಒಂದೇ ಬುಗ್ಗೆಯಿಂದ ಸಿಹಿನೀರೂ ಕಹಿನೀರೂ ಹೊರಡಬಲ್ಲವೇ ಎಂದು ಸಂತ ಯಕೋಬರು ತಮ್ಮ ಪತ್ರದ ಮೂರನೆಯ ಅಧ್ಯಾಯದಲ್ಲಿ ಕೇಳಿರುವುದು ನಾಲಿಗೆಯನ್ನು ಕುರಿತೇ. ಭಾನುವಾರ ದೇವಾಲಯದಲ್ಲಿ ನಗುಮುಖ, ಮನೆಗೆ ಬಂದೊಡನೆ ಹೆಂಡತಿ ಮಕ್ಕಳ ಮೇಲೆ ಕಹಿಮಾತು ಎಂದಾದರೆ, ಆ ನಗು ನಾರುವ ನೀರಿಗೆ ಹಿಂಡಿದ ನಿಂಬೆರಸ. ಪಾಪನಿವೇದನೆಗೆ ಬಂದಾಗಲೂ ಕೆಲವರು ಒಂದು ನಲ್ಲಿಯನ್ನಷ್ಟೇ ತೆರೆಯುತ್ತಾರೆ. ಬಲಿಪೂಜೆಗೆ ತಪ್ಪಿಸಿಕೊಂಡದ್ದನ್ನು ಹೇಳುತ್ತಾರೆ. ಖಲಾಸಿಯ ಪಾಲಿನ ಹಣ ಹಿಡಿದಿಟ್ಟದ್ದು, ಅಣ್ಣನ ಮನೆಯ ಹೊಸ್ತಿಲು ತುಳಿಯದೆ ವರ್ಷಗಳಾದದ್ದು ಮುಚ್ಚಿದ ನಲ್ಲಿಯ ಹಿಂದೆಯೇ ಉಳಿಯುತ್ತದೆ. ಪ್ರಭುವಿನ ಕೃಪೆಗೆ ಕೊರತೆಯಿಲ್ಲ. ಅದು ಹರಿಯಲು ನಾವು ಎಲ್ಲ ನಲ್ಲಿಗಳನ್ನೂ ತೆರೆಯಬೇಕು, ಹಳೆಯದನ್ನು ಹೊರಗೆ ಚೆಲ್ಲಲು ಒಪ್ಪಬೇಕು.

ಈ ಸಲ ಬೋಟು ಹೊರಡುವ ಮುನ್ನ ಮಾಲೀಕರು ಒಂದು ಕೆಲಸ ಮಾಡಿರಿ. ತೊಳೆದು ಹೊಸದಾಗಿ ತುಂಬಿದ ಟ್ಯಾಂಕಿನಿಂದ ಒಂದು ಲೋಟ ನೀರು ಹಿಡಿದು ಖಲಾಸಿಗಳೆದುರು ಮೊದಲು ನೀವೇ ಕುಡಿಯಿರಿ. ಅಂದು ಸಂಜೆ, ಮಾತು ಬಿಟ್ಟವರಿದ್ದರೆ ಅವರ ಮನೆಗೂ ಹೋಗಿ ಬನ್ನಿ. ಸಮಾರ್ಯದ ಸ್ತ್ರೀಗೆ ಜೀವಜಲವನ್ನು ನೀಡಿದ ಪ್ರಭು, ಕಡಲಿಗಿಳಿಯುವವರನ್ನೂ ದಡದಲ್ಲಿ ಕಾಯುವವರನ್ನೂ ಆಶೀರ್ವದಿಸಲಿ.