ಹಗ್ಗ ಮಾರಿದ ಲಿಂಗ

ಮಹಾಭಾರತದ ಕರ್ಣಪರ್ವದಲ್ಲಿ ಒಂದು ವಿಚಿತ್ರವಾದ ಧರ್ಮಸಂಕಟವುಂಟು. ಗಾಂಡೀವವನ್ನು ನಿಂದಿಸಿದವನನ್ನು ಕೊಲ್ಲುವೆನೆಂದು ವ್ರತ ತೊಟ್ಟಿದ್ದ ಅರ್ಜುನನ ಎದುರಿನಲ್ಲಿ, ಕರ್ಣನ ಬಾಣಗಳಿಂದ ನೊಂದು ಶಿಬಿರಕ್ಕೆ ಮರಳಿದ್ದ ಧರ್ಮರಾಯನೇ ಆ ಬಿಲ್ಲನ್ನು ಹಳಿಯುತ್ತಾನೆ. ಪೂಜ್ಯನಾದವನನ್ನು ಏಕವಚನದಿಂದ ಕರೆದು ಹೀಯಾಳಿಸುವುದೇ ಅವನನ್ನು ವಧಿಸಿದುದಕ್ಕೆ ಸಮವೆಂದು ಬೋಧಿಸಿ ಕೃಷ್ಣನು ಅಣ್ಣನ ಪ್ರಾಣವನ್ನೂ ತಮ್ಮನ ವ್ರತವನ್ನೂ ಉಳಿಸುತ್ತಾನೆ. ಆ ನಿಂದೆಯ ಪಾಪಕ್ಕಾಗಿ ಅರ್ಜುನನು ತನ್ನ ಕತ್ತನ್ನೇ ಕಡಿದುಕೊಳ್ಳಹೊರಟಾಗ, ನಿನ್ನ ಗುಣಗಳನ್ನು ನಿನ್ನ ಬಾಯಿಂದಲೇ ಹೊಗಳಿಕೊ, ಆತ್ಮಹತ್ಯೆಯೆಂದರೆ ಅದೇ, ಎನ್ನುತ್ತಾನೆ. ಆತ್ಮಪ್ರಶಂಸೆಯ ವಿಷಯದಲ್ಲಿ ಇದಕ್ಕಿಂತ ಕಠೋರವಾದ ತೀರ್ಪನ್ನು ನಾನರಿಯೆ. ನಮ್ಮ ಜನದ ರಕ್ತದಲ್ಲಿ ಈ ತೀರ್ಪು ಬೆರೆತುಹೋಗಿದೆ. ಒಳ್ಳೆಯ ಕೆಲಸಗಾರರಲ್ಲಿ ಎಷ್ಟೋ ಮಂದಿ ತಮ್ಮ ಕೆಲಸದ ಮಾತೆತ್ತಲು ನಾಚಿ, ಅಂಗಡಿಯ ಒಳಗೇ ಸವೆದುಹೋಗುವುದಕ್ಕೆ ಇದೂ ಒಂದು ಕಾರಣವಿರಬೇಕು.

ಬೆಂಗಳೂರಿನ ಬಳ್ಳಾರಿ ರಸ್ತೆಗೆ ತಾಗಿದ ನಮ್ಮ ಗಂಗಾನಗರದ ಒಂದು ಅಡ್ಡರಸ್ತೆಯಲ್ಲಿ, ಮನೆಯ ಮುಂದಣ ಕೋಣೆಯನ್ನೇ ಕಾರ್ಯಾಗಾರವಾಗಿಸಿಕೊಂಡು, ಗಿಟಾರಿನ ಬಿಡಿಭಾಗಗಳನ್ನು ಮಾಡುವವನೊಬ್ಬನು ಕುಳಿತಿರುವನೆಂದು ಭಾವಿಸಿರಿ. ಅವನು ಮಾಡುವ ವಸ್ತುಗಳಲ್ಲಿ ಅತ್ಯಂತ ಅಲ್ಪವಾದುದು ನಟ್ ಎಂಬ ಎಲುಬಿನ ತುಂಡು. ನಲವತ್ತಮೂರು ಮಿಲಿಮೀಟರಿನ ಆಸುಪಾಸಿನ ಉದ್ದವುಳ್ಳ ಅದು ಗಿಟಾರಿನ ಕತ್ತಿನ ತುದಿಯಲ್ಲಿ, ತಂತಿಗಳು ಬಿರಡೆಗಳ ಕಡೆಗೆ ತಿರುಗುವ ಎಡೆಯಲ್ಲಿ ಕೂರುತ್ತದೆ. ಅದರ ಮೈಮೇಲೆ ಆರು ಗೀರುಗಳು. ಒಂದೊಂದೂ ಒಂದೊಂದು ತಂತಿಯ ದಪ್ಪಕ್ಕೆ ತಕ್ಕುದು, ಒಂದೊಂದೂ ಬಿರಡೆಯ ದಿಕ್ಕಿಗೆ ತುಸು ಇಳಿಜಾರಾದುದು. ಗೀರು ಅತಿಯಾಗಿ ಆಳವಾದರೆ ತಂತಿಯು ಮೊದಲ ಫ್ರೆಟ್ಟನ್ನು (ಮೆಟ್ಟಿಲನ್ನು) ಸವರಿ ಜಿರ್ರೆನ್ನುತ್ತದೆ. ಆಳ ಸಾಲದಿದ್ದರೆ ಬೆರಳೊತ್ತಿದಾಗ ಸ್ವರವು ತನ್ನ ಸ್ಥಾನವನ್ನು ಮೀರಿ ಏರುತ್ತದೆ. ಇಕ್ಕಟ್ಟಾದರೋ, ಬಿರಡೆಯನ್ನು ತಿರುಗಿಸಿದರೂ ತಂತಿ ಅಲ್ಲಿಯೇ ಕಚ್ಚಿ ನಿಂತು, ಬಳಿಕ ಟಿಣ್ಣೆಂದು ಜಾರಿ ಶ್ರುತಿಯನ್ನು ದಾಟಿಬಿಡುತ್ತದೆ. ವೀಣೆಗೆ ಮೇಳ ಕಟ್ಟುವವರು ಮೇಣದ ಮೇಲೆ ಮೆಟ್ಟಿಲನ್ನು ಕೂಡಿಸುವಾಗ ಪಡುವ ಶ್ರಮಕ್ಕೂ ಇದಕ್ಕೂ ಜಾತಿಭೇದವಿಲ್ಲ. ಆದರೆ ವಾದ್ಯವನ್ನು ಕೇಳಿ ತಲೆದೂಗುವವರಲ್ಲಿ ಆ ಎಲುಬಿನ ತುಂಡನ್ನು ನೆನೆಯುವವರು ಯಾರೂ ಇಲ್ಲ. ವರ್ತಮಾನಪತ್ರಿಕೆಯಲ್ಲಿ ಜಾಹೀರಾತು ಕೊಡಲು ಅವನಲ್ಲಿ ಹಣವಿಲ್ಲ. ಹೊಗಳುಭಟರನ್ನು ಇರಿಸಿಕೊಳ್ಳಲು ಅವನು ಅರಸನಲ್ಲ. ತಾನೇ ಹೇಳಿಕೊಳ್ಳೋಣವೆಂದರೆ ಕರ್ಣಪರ್ವದ ಮಾತು ಅಡ್ಡ ಬರುತ್ತದೆ. ಹೇಳದೆ ಸುಮ್ಮನಿರುವುದು ವಿನಯವೋ, ಅಥವಾ ಕರ್ತವ್ಯದ ಲೋಪವೋ?

ಈ ಪ್ರಶ್ನೆಗೆ ನನಗೆ ದಾರಿ ತೋರಿದುದು ನುಲಿಯ ಚಂದಯ್ಯನ ಕಥೆ. ಕೆರೆಯ ಹುಲ್ಲನ್ನು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದುದರಿಂದ ಜಂಗಮ ದಾಸೋಹ ನಡೆಸುತ್ತಿದ್ದ ಶರಣನಾತ. ಒಂದು ದಿನ ಹುಲ್ಲಿಗೆ ಬಾಗಿದಾಗ ಕೊರಳ ಇಷ್ಟಲಿಂಗವು ಜಾರಿ ನೀರಿಗೆ ಬೀಳಲು, ಆತನು ಅದನ್ನು ಎತ್ತಿಕೊಳ್ಳದೆ ಕಾಯಕಕ್ಕೆ ನಡೆದನು. ಲಿಂಗವೇ ಬೆನ್ನಟ್ಟಿ ಬಂದು ಬೇಡಿಕೊಂಡಿತು. ಮಡಿವಾಳ ಮಾಚಯ್ಯನು ನಡುವೆ ಬಂದು ಸಮಾಧಾನ ಹೇಳಬೇಕಾಯಿತು. ಕಥೆಯ ಈ ಭಾಗವನ್ನು ಎಲ್ಲರೂ ಹೇಳುತ್ತಾರೆ. ಮುಂದಿನ ಭಾಗದ ಮೇಲೆ ನಿಂತು ಚಿಂತಿಸುವವರು ವಿರಳ. ಚಂದಯ್ಯನು ಲಿಂಗವನ್ನು ಸುಮ್ಮನೆ ಕೊರಳಿಗೆ ಕಟ್ಟಿಕೊಳ್ಳಲಿಲ್ಲ. ಅದಕ್ಕೊಂದು ಕಾಯಕವನ್ನು ಕೊಟ್ಟನು. ಆ ಕಾಯಕವಾದರೂ ಏನು? ಹೊಸೆದ ಹಗ್ಗವನ್ನು ಒಯ್ದು ಮಾರಿಕೊಂಡು ಬರುವುದು. ಹಗ್ಗವನ್ನು ಕಂಡ ಬಸವಣ್ಣನವರು ಭಕ್ತಿಯ ಭರದಲ್ಲಿ ಅದರ ಬೆಲೆಯನ್ನು ಬಹುವಾಗಿ ಮೀರಿದ ಹೊನ್ನನ್ನು ಕೊಟ್ಟುಬಿಟ್ಟರು. ಚಂದಯ್ಯನು ಅದನ್ನು ಮುಟ್ಟದೆ, ಹಗ್ಗಕ್ಕೆ ಸಲ್ಲುವುದಷ್ಟೇ ತನಗೆ ಸಾಕೆಂದನು.

ದೇವರಿಗೆ ಒಪ್ಪಿಸಿದ ಕೆಲಸ ಮಾರಾಟ! ಹೊಸೆಯುವ ಕೆಲಸವು ಪವಿತ್ರ, ಮಾರುವ ಕೆಲಸವು ಲೌಕಿಕ ಎಂಬ ಭೇದವನ್ನು ಈ ಕಥೆಯು ಮೂಲದಲ್ಲಿಯೇ ಕಿತ್ತುಹಾಕುತ್ತದೆ. ಹಗ್ಗವು ಬಾವಿಯ ರಾಟೆಗೆ ಸೇರದೆ ಮನೆಯ ಮೂಲೆಯಲ್ಲಿ ಮುಗ್ಗಿದರೆ ಕಾಯಕವು ಪೂರ್ಣವಾಯಿತೆಂದು ಹೇಳಲಾಗದು. ಬೇಕಾದವನ ಕೈಗೆ ವಸ್ತುವನ್ನು ಮುಟ್ಟಿಸುವುದು ಅದನ್ನು ಮಾಡುವುದರ ಕೊನೆಯ ಅಂಗವೇ ಹೊರತು ಬೇರೆಯ ವ್ಯಾಪಾರವಲ್ಲ. ಆದುದರಿಂದ ಗಂಗಾನಗರದ ಆ ಮನುಷ್ಯನು ತನ್ನ ನಟ್‌ನ ಗುಣವನ್ನು ನಾಲ್ವರಿಗೆ ಅರುಹಲೇಬೇಕು. ಕೃಷ್ಣನು ಆತ್ಮಹತ್ಯೆ ಎಂದುದು ಯಾವುದನ್ನು? ನನ್ನ ಸಮಾನ ಧನುರ್ಧರನಿಲ್ಲ ಎಂಬ ಮಾತನ್ನು. ಈ ಬಿಲ್ಲಿನ ಉದ್ದವಿಷ್ಟು, ಹೆದೆ ಇಂಥದು ಎಂದಿದ್ದರೆ ಅದು ಆತ್ಮಪ್ರಶಂಸೆಯಾಗುತ್ತಿರಲಿಲ್ಲ. ವಾಕ್ಯದ ಕರ್ತೃಪದವು ವಸ್ತುವಾಗಿರುವತನಕ ಮಾತಿನಲ್ಲಿ ದೋಷವಿಲ್ಲ. 'ನಾನು' ಎಂಬುದು ಬಂದು ಕುಳಿತ ಕ್ಷಣದಿಂದ ವಿಷವು ಏರತೊಡಗುತ್ತದೆ.

ಹಾಗಾದರೆ ಹೆಸರನ್ನು ಹಾಕುವುದೂ ತಪ್ಪೆ ಎಂದರೆ, ಅಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ದೇಗುಲದಲ್ಲಿ ಬಳ್ಳಿಗಾವೆಯ ದಾಸೋಜನೂ ಆತನ ಮಗ ಚಾವಣನೂ ತಾವು ಕಡೆದ ವಿಗ್ರಹಗಳ ಅಡಿಯಲ್ಲಿ ಹೆಸರನ್ನು ಕೊರೆದಿದ್ದಾರೆ. ಆ ಹೆಸರುಗಳು ದೇವತೆಯ ಕಿರೀಟದ ಮೇಲಿಲ್ಲ, ಪೀಠದಲ್ಲಿವೆ. ಗುಣವನ್ನು ಮೆಚ್ಚಿದವನಿಗೆ ವಿಳಾಸವಾಗಿಯೂ, ಕುಂದನ್ನು ಕಂಡವನಿಗೆ ಉತ್ತರವಾದಿಯ ಗುರುತಾಗಿಯೂ ನಿಂತಿವೆ. ಪೊಟ್ಟಣದ ಮೇಲೆ ತನ್ನ ಹೆಸರನ್ನೂ ಮೊಬೈಲ್ ನಂಬರನ್ನೂ ಅಚ್ಚುಹಾಕಿಸುವವನು, ದೂರು ಬಂದರೆ ಕೇಳಲು ನಾನಿದ್ದೇನೆ ಎಂದು ಒಪ್ಪಿಕೊಂಡಂತೆಯೇ.

ಬಡವನ ಪ್ರಚಾರಕ್ಕೆ ಒಂದು ಭಾಗ್ಯವಿದೆ. ಅವನ ಕೈಗೆಟಕುವ ಉಪಾಯಗಳೆಲ್ಲ ಪರೀಕ್ಷೆಗೆ ಒಳಗಾಗುವಂಥವು. ಗಿಟಾರ್ ರಿಪೇರಿ ಮಾಡುವವರ ಬಳಿಗೆ ಹೋಗಿ ಒಂದೆರಡು ನಟ್‌ಗಳನ್ನು ಬಿಟ್ಟಿಯಾಗಿ ಕೊಟ್ಟು, ಹಾಕಿ ನೋಡಿ ಎನ್ನಬಹುದು. ಅಲ್ಲಿ ಸುಳ್ಳು ಒಂದು ಗಳಿಗೆಯೂ ನಿಲ್ಲದು, ತಂತಿಯೇ ಸಾಕ್ಷಿ ನುಡಿಯುತ್ತದೆ. ಅದೇ ಗಿಟಾರಿನ ಧ್ವನಿಯನ್ನು ನಟ್ ಬದಲಿಸುವ ಮೊದಲೂ ಆಮೇಲೂ ಫೋನಿನಲ್ಲಿ ಹಿಡಿದು ವಾಟ್ಸ್ಯಾಪಿನಲ್ಲಿ ಕಳಿಸಬಹುದು. ಚೀಟಿಯ ಮೇಲೆ ಅಳತೆಯನ್ನೂ, ಎಲುಬು ಯಾವ ಪ್ರಾಣಿಯದೆಂಬುದನ್ನೂ ಬರೆಯಬಹುದು. ಅದು ಸಲ್ಲದೆನ್ನುವ ಗಿರಾಕಿಗೆ ಅರಿಯುವ ಹಕ್ಕುಂಟು. ಬೀಟೆಮರದ ಪಟ್ಟಿಯನ್ನು ಮಾರುವುದಾದರೆ ಮರ ಎಲ್ಲಿಂದ ಬಂತೆಂಬುದನ್ನೂ ಹೇಳಬೇಕು. ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದವು 2017ರ ಜನವರಿಯಲ್ಲಿ ನಮ್ಮ ಬೀಟೆಯನ್ನೂ ಒಳಗೊಂಡ ಮರಗಳ ಕುಲವನ್ನು ನಿರ್ಬಂಧಕ್ಕೆ ತಂದು, 2019ರ ನವೆಂಬರಿನಿಂದ ಸಿದ್ಧವಾದ ವಾದ್ಯಗಳಿಗೂ ಅವುಗಳ ಸಿದ್ಧ ಭಾಗಗಳಿಗೂ ವಿನಾಯಿತಿಯನ್ನಿತ್ತಿತು. ವಿನಾಯಿತಿ ದೊರೆತ ಮಾತ್ರಕ್ಕೆ ಕಾಡಿನ ಋಣವು ತೀರುವುದಿಲ್ಲ.

ಇವೆಲ್ಲಕ್ಕಿಂತ ನನಗೆ ಹಿರಿದಾಗಿ ಕಾಣುವುದು ಇನ್ನೊಂದು. ತಂತಿಯು ಗೀರಿನಲ್ಲಿ ಕಚ್ಚುತ್ತಿದೆಯೆಂದು ಹುಡುಗನೊಬ್ಬ ಬಂದಾಗ, ಪೆನ್ಸಿಲ್ಲಿನ ಮೊನೆಯನ್ನು ಆ ಗೀರಿನಲ್ಲಿ ನಾಲ್ಕು ಸಲ ಉಜ್ಜಿದರೆ ಬಹುಮಟ್ಟಿಗೆ ಸರಿಹೋಗುವುದೆಂದು ಹೇಳಿಕೊಟ್ಟು ಕಳುಹಿಸುವುದು. ಅಂದಿನ ಮಾರಾಟವು ಅದರಿಂದ ತಪ್ಪಿಹೋಗುತ್ತದೆ. ಆದರೆ ವಿದ್ಯಾದಾನದ ಪುಣ್ಯಕ್ಕೂ ವ್ಯಾಪಾರದ ಲಾಭಕ್ಕೂ ವಿರೋಧವಿಲ್ಲದ ಸ್ಥಳಗಳು ಈ ಲೋಕದಲ್ಲಿ ಕೆಲವಿವೆ, ಇದು ಅವುಗಳಲ್ಲೊಂದು. ತನ್ನ ನಷ್ಟವನ್ನು ಲೆಕ್ಕಿಸದೆ ನಿಜ ಹೇಳಿದವನನ್ನು ಗಿರಾಕಿಯು ಮರೆಯುವುದು ಅಪೂರ್ವ.

ಇಷ್ಟಾದರೂ, ಅವನು ತಾನೇ ಹೇಳಬಾರದ ಒಂದು ಮಾತು ಉಳಿಯುತ್ತದೆ: ಇವನ ಕೆಲಸ ಉತ್ತಮವಾದುದು ಎಂಬ ಮಾತು. ವಿವರವನ್ನು ನುಡಿಯುವುದು ಮಾಡಿದವನ ಧರ್ಮ. ಪ್ರಶಂಸೆಯನ್ನು ನುಡಿಯುವುದು ಕೊಂಡವನ ಧರ್ಮ. ಇವನು ಅದನ್ನು ಹೇಳಿಕೊಂಡರೆ ಪಾಪ, ನಾವು ಹೇಳದಿದ್ದರೆ ಪಾಪ. ಓದುಗರೇ, ನಿಮ್ಮ ಬೀದಿಯಲ್ಲಿ ಇಂಥವನೊಬ್ಬನು ಕುಳಿತಿದ್ದರೆ, ಅವನ ವಸ್ತುವಿಗೆ ಸಲ್ಲುವ ಬೆಲೆಯನ್ನು ಚೌಕಾಸಿಯಿಲ್ಲದೆ ಕೊಡಿ. ಅವನ ಹೆಸರನ್ನು ಕೇಳಿ ತಿಳಿದು, ಅದು ಬೇಕಾದ ಇನ್ನೊಬ್ಬರಿಗೆ ಹೇಳಿ.